ರಾತ್ರಿ ಕರೆಂಟ್ ಅಗ್ಗವೇ?

ಪ್ರಶ್ನೆ: ರಾತ್ರಿ ಹತ್ತರ ನಂತರ ಮೋಟರ್, ಗೀಸರ್ ಹಚ್ಚಿದರೆ ಬಿಲ್ಲು ಕಡಿಮೆ ಬರುತ್ತದೆ ಅನ್ನುತ್ತಾರೆ. ನಮ್ಮ ಮನೆಗೂ ಇದು ನಿಜವೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ನಿಮ್ಮದು ಸಾದಾ ಮೀಟರ್ ಆಗಿದ್ದರೆ ಇಲ್ಲ. ಅದು ಒಟ್ಟು ಯೂನಿಟ್ ಮಾತ್ರ ಎಣಿಸುತ್ತದೆ, ಯಾವ ಹೊತ್ತಿನಲ್ಲಿ ಉರಿಯಿತು ಎಂಬುದು ಅದಕ್ಕೆ ತಿಳಿಯದು. ಹೆಸ್ಕಾಂ ಬಿಲ್ಲಿನ ನಿಗದಿತ ಶುಲ್ಕವೂ ಮಂಜೂರಾದ ಕಿಲೋವ್ಯಾಟ್ ಮೇಲೆ ಬೀಳುತ್ತದೆ, ಹೊತ್ತಿನ ಮೇಲಲ್ಲ. ನಿದ್ದೆಗೆಟ್ಟು ಮೋಟರ್ ಹಚ್ಚಬೇಡಿ. ಗೃಹಜ್ಯೋತಿ ಲೆಕ್ಕವೂ ಒಟ್ಟು ಯೂನಿಟ್ಟಿನದೇ.

ಹೊತ್ತಿಗೊಂದು ದರ ಬರುವುದು ಸ್ಮಾರ್ಟ್ ಮೀಟರ್ ಇದ್ದಾಗ. ಕೇಂದ್ರದ 2023ರ ತಿದ್ದುಪಡಿ ನಿಯಮದಲ್ಲಿ ಅಗ್ಗವಾಗುವುದು ರಾತ್ರಿಯಲ್ಲ, ಬಿಸಿಲಿನ ಹೊತ್ತು: ಸೌರ ವಿದ್ಯುತ್ ಹೇರಳವಾಗಿರುವ ದಿನದ 8 ತಾಸು ದರ ಕನಿಷ್ಠ ಶೇ. 20 ಕಡಿಮೆ, ಬೇಡಿಕೆ ಏರುವ ಹೊತ್ತಿನಲ್ಲಿ ಮನೆಗಳಿಗೆ ಕನಿಷ್ಠ 1.1 ಪಟ್ಟು. ಯಾವ ತಾಸುಗಳೆಂದು ನಿರ್ಧರಿಸುವುದು ರಾಜ್ಯದ ವಿದ್ಯುತ್ ಆಯೋಗ.

ಯೂನಿಟ್ಟಿಗೆ 6 ರೂ. ಎಂದುಕೊಳ್ಳಿ. ಬಿಸಿಲಿನಲ್ಲಿ 4.80, ಏರು ಹೊತ್ತಿನಲ್ಲಿ 6.60. ಒಂದು ಎಚ್‌ಪಿ ಮೋಟರ್ ತಾಸಿಗೆ ಸುಮಾರು 1 ಯೂನಿಟ್ ತಿನ್ನುತ್ತದೆ. ದಿನಕ್ಕೊಂದು ತಾಸನ್ನು ಸಂಜೆಯಿಂದ ಮಧ್ಯಾಹ್ನಕ್ಕೆ ಸರಿಸಿದರೆ ತಿಂಗಳಿಗೆ 54 ರೂ. ಉಳಿತಾಯ. ಫ್ರಿಜ್ಜನ್ನು ಮಾತ್ರ ಈ ಆಸೆಗೆ ಆರಿಸಬೇಡಿ, ಒಳಗಿನ ಹಾಲು ಕೆಡುತ್ತದೆ.