ನಾಲ್ಕರಲ್ಲೂ ನಾಲ್ಕು ಬರಬೇಕು, ತಮ್ಮಾ

ಹಾಸನದಲ್ಲಿ ಮೆಕ್ಯಾನಿಕಲ್ ಬಿಇ ಮೊದಲ ವರ್ಷ ಮುಗೀತಾ ಬಂತು, ಅದನ್ನೇ ಜರ್ಮನಿಯಲ್ಲಿ ಜರ್ಮನ್ ಭಾಷೆಯಲ್ಲೇ ಓದಬೇಕು, ಅದಕ್ಕೆ ಬೇಕಾದ ಭಾಷಾ ಪರೀಕ್ಷೆಗಳಲ್ಲಿ ಟೆಸ್ಟ್‌ಡಾಫ್ ಬರೀಲಾ ಗೋಯೆಥೆ ಸಿ1 ಬರೀಲಾ ಅಂತ ಕೇಳಿದ್ದೀಯ. ಜೊತೆಗೆ ಚಳಿ, ಊಟ, ಪಾರ್ಟ್ ಟೈಮ್ ಕೆಲಸ. ಜಾಕೆಟ್ ಇಲ್ಲಿಗೆ ಬಂದು ತಗೋ. ಊಟದ ಚಿಂತೆ ನಿಮ್ಮಮ್ಮನಿಗೆ ಬಿಡು, ಚಟ್ನಿಪುಡಿ ತಾನಾಗಿ ಬ್ಯಾಗ್ ಸೇರುತ್ತೆ. ಭಾಷೆ ಬಂದರೆ ಕೆಲಸ ಸಿಗುತ್ತೆ.

ಮೊದಲು ನಾಲ್ಕೈದು ಯೂನಿವರ್ಸಿಟಿ ಆರಿಸು, ಪರೀಕ್ಷೆ ಆಮೇಲೆ. ಯಾವ ಸರ್ಟಿಫಿಕೇಟ್ ನಡೆಯುತ್ತೆ ಅಂತ ಒಬ್ಬೊಬ್ಬರೂ ತಮ್ಮ ಅಡ್ಮಿಷನ್ ಪುಟದಲ್ಲಿ ಬರೆದಿರುತ್ತಾರೆ. ಟೆಸ್ಟ್‌ಡಾಫ್‌ನ ನಾಲ್ಕೂ ಭಾಗದಲ್ಲಿ ಟಿಡಿಎನ್ 4 ಅಂದರೆ ನಾಲ್ಕನೇ ದರ್ಜೆ, ಟೆಲ್ಕ್ ಸಿ1 ಹೋಖ್‌ಶೂಲೆ ಅನ್ನೋ ಇನ್ನೊಂದು ಪರೀಕ್ಷೆ, ಸಿ1ಗಿಂತ ಮೇಲಿನ ಗೋಯೆಥೆ ಸಿ2 ಇವು ಹೆಚ್ಚುಕಡಿಮೆ ಎಲ್ಲ ಕಡೆ ನಡೆಯುತ್ತವೆ. ಗೋಯೆಥೆ ಸಿ1 ಕೆಲವು ಕಡೆ ಸಾಕು, ಕೆಲವು ಕಡೆ ಸಾಲದು. ಡಿಎಸ್‌ಎಚ್ ಅನ್ನೋದು ಯೂನಿವರ್ಸಿಟಿಗಳೇ ನಡೆಸೋ ಪರೀಕ್ಷೆ, ಸಾಮಾನ್ಯವಾಗಿ ಇಲ್ಲಿಗೆ ಬಂದೇ ಬರೀಬೇಕು. ಹಾಸನದಲ್ಲಿ ಕೂತವನು ಅದನ್ನು ನೆಚ್ಚಿಕೊಳ್ಳೋದು ಬೇಡ.

ನಮ್ಮವರು ಎಡವೋದು ಒಂದೇ ಜಾಗದಲ್ಲಿ. ನಾನು ಬಂದಾಗ ಇದನ್ನು ಬಿಡಿಸಿ ಹೇಳೋರು ಇರಲಿಲ್ಲ, ಆ ಬೇಜಾರು ಇನ್ನೂ ಇದೆ. ಪಿಯುಸಿಯಲ್ಲಿ ಕನ್ನಡದಲ್ಲಿ ತೊಂಬತ್ತೆಂಟು ತೆಗೆದು ಫಿಸಿಕ್ಸ್‌ನಲ್ಲಿ ಇಳಿದರೂ ಒಟ್ಟು ಪರ್ಸೆಂಟೇಜ್ ಕಾಪಾಡುತ್ತೆ. ಇಲ್ಲಿ ಬಹುತೇಕ ಯೂನಿವರ್ಸಿಟಿಗಳು ಕೂಡಿಸಿ ನೋಡಲ್ಲ. ಓದೋದರಲ್ಲಿ 5, ಕೇಳೋದರಲ್ಲಿ 5, ಬರೆಯೋದರಲ್ಲಿ 5, ಮಾತಿನಲ್ಲಿ 3 ಬಂದರೆ ಒಟ್ಟು 18. ಪಕ್ಕದವನಿಗೆ ನಾಲ್ಕು ನಾಲ್ಕು ಬಂದು ಒಟ್ಟು 16. ಒಳಗೆ ಹೋಗೋನು ಅವನು. ಟೆಸ್ಟ್‌ಡಾಫ್ ಮತ್ತೆ ಬರೆಯೋದಾದರೆ ನಾಲ್ಕೂ ಭಾಗ ಮತ್ತೆ ಬರೀಬೇಕು, ಶುಲ್ಕವೂ ಪೂರ್ತಿ. ಗೋಯೆಥೆ ಸಿ1 ಮಾತ್ರ 2024ರಿಂದ ಮಾಡ್ಯೂಲ್ ಮಾಡ್ಯೂಲ್ ಆಗಿದೆ: ಒಂದೊಂದರಲ್ಲೂ ನೂರಕ್ಕೆ 60, ಬಿದ್ದದ್ದನ್ನಷ್ಟೇ ಮತ್ತೆ ಬರೆದರೆ ಆಯ್ತು. ನಿನ್ನ ಪಟ್ಟಿಯ ಎಲ್ಲರೂ ಅದನ್ನು ಒಪ್ಪೋದಾದರೆ ಕಣ್ಣು ಮುಚ್ಚಿ ಗೋಯೆಥೆ ಬರಿ. ಒಬ್ಬರು ಒಪ್ಪದಿದ್ದರೂ ಟೆಸ್ಟ್‌ಡಾಫ್.

ತಾರೀಖು ಹಿಂದಿನಿಂದ ಎಣಿಸು. ಅಕ್ಟೋಬರ್ ಸೆಮಿಸ್ಟರಿಗೆ ಅರ್ಜಿಯ ಕಡೇ ದಿನ ಸಾಮಾನ್ಯವಾಗಿ ಜುಲೈ 15. ವಿದೇಶಿಯರ ಅರ್ಜಿ ಪರಿಶೀಲಿಸೋ ಊನಿ-ಅಸಿಸ್ಟ್ ಸಂಸ್ಥೆ ಮೂಲಕ ಹೋಗೋ ಅರ್ಜಿ ನೋಡೋಕೆ ವಾರಗಟ್ಟಲೆ ತಗೊಳ್ತಾರೆ, ಪರೀಕ್ಷೆಯ ಫಲಿತಾಂಶಕ್ಕೂ ಸುಮಾರು ಒಂದು ತಿಂಗಳು. ಹಾಗಾಗಿ ಫೆಬ್ರವರಿಯಲ್ಲೇ ಬರೆದುಬಿಡು, ಕೈಕೊಟ್ಟರೆ ಇನ್ನೊಂದು ಸಲಕ್ಕೆ ಜಾಗ ಇರುತ್ತೆ. 2022ರ ನವೆಂಬರ್‌ನಿಂದ ವೀಸಾಕ್ಕೆ, ನಮ್ಮ ಮಾರ್ಕ್ಸ್ ಕಾರ್ಡ್ ಅಸಲಿ ಅಂತ ಪರಿಶೀಲಿಸಿ ಕೊಡೋ ಎಪಿಎಸ್ ಸರ್ಟಿಫಿಕೇಟ್ ಕಡ್ಡಾಯ, ಅದನ್ನು ಈಗಲೇ ಶುರು ಮಾಡು. ಬ್ಯಾಕ್‌ಲಾಗ್ ಇಟ್ಕೊಂಡು ಬರಬೇಡ. ಮೊದಲ ವರ್ಷ ಪೂರ್ತಿ ಪಾಸಾಗಿದ್ದರೆ ಸಾಮಾನ್ಯವಾಗಿ ಸ್ಟುಡಿಯನ್‌ಕೊಲೆಗ್ ಅನ್ನೋ ಪೂರ್ವಸಿದ್ಧತಾ ವರ್ಷ ತಪ್ಪುತ್ತೆ.

ಹೆಸರು ನೋಡ್ಕೋ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಹಿಂದೆ ‘ಹೆಚ್.ಕೆ.’ ಅಂತ ಇರುತ್ತೆ, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿಕೊಂಡು ಊರು, ಅಪ್ಪನ ಹೆಸರು ಎಲ್ಲ ಬಂದು ಕೂತಿರುತ್ತೆ. ಪರೀಕ್ಷೆಗೆ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ, ಅಕ್ಷರ ಬಿಡದೆ ತುಂಬು.

ಬೆಂಗಳೂರಿನ ಗೋಯೆಥೆ ಇನ್‌ಸ್ಟಿಟ್ಯೂಟ್ ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿದೆ. ಹಿಂದಿನ ದಿನವೇ ಹೋಗಿ ಉಳ್ಕೋ, ಬೆಳಗಿನ ಬಸ್ಸು ನಂಬಿ ನೆಲಮಂಗಲದಲ್ಲಿ ಸಿಕ್ಕಿಹಾಕ್ಕೋಬೇಡ.

ವ್ಯಾಕರಣದಲ್ಲಿ ಕನ್ನಡದವನಿಗೆ ಒಂದು ಲಾಭ ಇದೆ. ‘ವೈಲ್ ಇಖ್ ಮ್ಯೂಡೆ ಬಿನ್’ (ಯಾಕಂದ್ರೆ ನನಗೆ ದಣಿವಾಗಿದೆ) ಅನ್ನುವಾಗ ಕ್ರಿಯಾಪದ ಕೊನೆಗೆ ಹೋಗುತ್ತೆ, ನಮ್ಮ ಹಾಗೇ. ಎಡವೋದು ಸಣ್ಣ ವಾಕ್ಯದಲ್ಲಿ. ‘ಹೊಯ್ಟೆ ಗೇಹೆ ಇಖ್’ (ಇವತ್ತು ನಾನು ಹೋಗ್ತೀನಿ) ಅನ್ನೋ ಕಡೆ ‘ಹೊಯ್ಟೆ ಇಖ್ ಗೇಹೆ’ ಅಂತ ಬಾಯಿಗೆ ಬರುತ್ತೆ. ಇಂಥ ವಾಕ್ಯದಲ್ಲಿ ಕ್ರಿಯಾಪದ ಎರಡನೇ ಜಾಗ ಬಿಟ್ಟು ಕದಲಬಾರದು.

ಟೆಸ್ಟ್‌ಡಾಫ್‌ನ ಮಾತಿನ ಭಾಗದಲ್ಲಿ ಎದುರಿಗೆ ಮನುಷ್ಯ ಇರಲ್ಲ. ಹೆಡ್‌ಸೆಟ್, ಮೈಕು, ಪರದೆ ಮೇಲೆ ಓಡೋ ಗಡಿಯಾರ. ಏಳು ಪ್ರಶ್ನೆ, ಸುಮಾರು 35 ನಿಮಿಷ. ಸಮಯ ಮುಗಿದರೆ ವಾಕ್ಯ ಅರ್ಧಕ್ಕೇ ತುಂಡು. ಅದೇ ಕೋಣೆಯಲ್ಲಿ ಉಳಿದವರೂ ಒಟ್ಟಿಗೆ ಮಾತಾಡ್ತಿರುತ್ತಾರೆ. ಮನೆಯ ಮೌನದಲ್ಲಿ ಅಭ್ಯಾಸ ಮಾಡಿದವನಿಗೆ ಅಲ್ಲಿ ಬಾಯಿ ಒಣಗುತ್ತೆ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕೂತು ಫೋನಿಗೆ ರೆಕಾರ್ಡ್ ಮಾಡು. ‘ಬೇಲೂರು, ಬೇಲೂರು’ ಅಂತ ಕಂಡಕ್ಟರ್ ಕೂಗುವಾಗಲೂ ನಿನ್ನ ಜರ್ಮನ್ ನಿಲ್ಲದಿದ್ದರೆ ಸೀಟ್ ಬುಕ್ ಮಾಡು. ರೆಕಾರ್ಡಿಂಗ್ ನನಗೂ ಒಂದು ಕಳಿಸು. ತಪ್ಪು ತಿದ್ದಿಕೊಡ್ತೀನಿ, ಕಂಡಕ್ಟರ್ ಕೂಗನ್ನೂ ಕೇಳಿಸ್ಕೊಳ್ತೀನಿ.