ನೀರಲ್ಲಿ ನಿಂತುಹೋದ ಕಾರಿಗೆ ಹೊಸ ಎಂಜಿನ್ ಬೇಕೇ ಬೇಕಾ?

ತಕ್ಷಣ ಬೇಡ, ಮೊದಲು ಕಂಪ್ರೆಷನ್ ಟೆಸ್ಟ್ (ಎಂಜಿನ್ನಿನ ಪ್ರತಿ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಪರೀಕ್ಷೆ) ಮಾಡಿಸಿ. ಅಂಡರ್‌ಪಾಸ್ ನೀರಲ್ಲಿ ಕಾರು ಆಫ್ ಆದಾಗ, ಏರ್ ಫಿಲ್ಟರ್ ದಾರಿಯಲ್ಲಿ ನೀರು ಪಿಸ್ಟನ್ ಓಡಾಡುವ ಸಿಲಿಂಡರಿಗೆ ನುಗ್ಗಿರಬಹುದು. ಪಿಸ್ಟನ್ ಗಾಳಿಯನ್ನು ಒತ್ತಿ ಕುಗ್ಗಿಸುತ್ತದೆ, ಆದರೆ ನೀರು ಕುಗ್ಗುವುದಿಲ್ಲ. ಆಗ ಪಿಸ್ಟನ್ನಿಗೆ ಕೊಟ್ಟ ಬಲವೆಲ್ಲ ಅದನ್ನು ತಳ್ಳುವ ಕನೆಕ್ಟಿಂಗ್ ರಾಡ್ ಮೇಲೆ ಬಿದ್ದು, ಅದು ಬಾಗುತ್ತದೆ. ಅದಕ್ಕೇ ಸುಮ್ನೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಎಷ್ಟೋ ಎಂಜಿನ್‌ಗಳು ಹಾಳಾಗುವುದು ಆಗಲೇ.

ಪೆಟ್ರೋಲ್ ಕಾರಾದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೀರು ತೆಗೆದು, ಆಯಿಲ್ ಬದಲಿಸಿ ಟೆಸ್ಟ್ ಮಾಡುತ್ತಾರೆ. ಎಲ್ಲ ಸಿಲಿಂಡರಿನ ಒತ್ತಡ ಹೆಚ್ಚುಕಡಿಮೆ ಸಮ ಇದ್ದು, ಟಕಟಕ ಸದ್ದೂ ಇಲ್ಲದಿದ್ದರೆ ಬಹುಶಃ ಬಚಾವಾದಿರಿ. ಒಂದರಲ್ಲಿ ಮಾತ್ರ ಕಡಿಮೆ ಬಂದರೆ ರಾಡ್ ಬಾಗಿರುವ ಅನುಮಾನ. ಬಿಚ್ಚಿ ನೋಡಿ ರಾಡ್ ಬದಲಿಸಬಹುದು. ರಾಡ್ ಮುರಿದು ಎಂಜಿನ್ ಬ್ಲಾಕ್ (ಸಿಲಿಂಡರ್‌ಗಳಿರುವ ಲೋಹದ ಮುಖ್ಯ ಭಾಗ) ತೂತಾಗಿದ್ದರೆ ಮಾತ್ರ ಬೇರೆ ಎಂಜಿನ್ ಯೋಚಿಸಿ. ಅದರ ಖರ್ಚು ಕಾರಿನ ಈಗಿನ ಬೆಲೆಯ ಅರ್ಧ ದಾಟಿದರೆ, ನಾನಾದರೆ ಮಾರಿಬಿಡುತ್ತೇನೆ.