ದುಡ್ಡು ಕೊಟ್ಟು ಕೊಂಡ ಆಟಕ್ಕೆ ಮತ್ತೆ ಮತ್ತೆ ದುಡ್ಡು

(ಹೆತ್ತವರ ಮತ್ತು ಹುಡುಗನ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.)

"ಕೇಳಿದ್ದೆಲ್ಲ ಕೊಡಿಸಿದ್ದೀವಿ ಮೇಡಂ. ಆದರೂ ಅಮ್ಮನ ಕಾರ್ಡಿಗೇ ಕೈ ಹಾಕಿದ್ದಾನೆ." ಮಗನ ವಿಷಯದಲ್ಲಿ ಸಲಹೆ ಕೇಳಲು ನನ್ನ ಬಳಿ ಬಂದಾಗ, ಕೂರುವ ಮೊದಲೇ ತಂದೆ ಹೇಳಿದ ಮಾತಿದು. ಮಗನಿಗೆ 15 ವರ್ಷ. ಕೆಲವು ತಿಂಗಳಿಂದ ತಾಯಿಯ ಖಾತೆಯಿಂದ ಅವನ ಫೋನಿನ ಆಟವೊಂದಕ್ಕೆ ಸಣ್ಣ ಸಣ್ಣ ಮೊತ್ತ ಹೋಗುತ್ತಿತ್ತು. ಒಂದೊಂದೂ ಚಿಕ್ಕದಾದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಗೊತ್ತಾದ ದಿನವೇ ತಂದೆ ಫೋನ್ ಕಿತ್ತುಕೊಂಡು ಆಟವನ್ನು ಅಳಿಸಿಹಾಕಿದರು. ಅಂದಿನಿಂದ ಹುಡುಗ ಮನೆಯವರ ಜೊತೆ ಮಾತು ಬಿಟ್ಟಿದ್ದ.

ಅವನೊಬ್ಬನನ್ನೇ ಕೂರಿಸಿಕೊಂಡಾಗ "ಯಾಕೆ ಹೀಗೆ ಮಾಡಿದೆ" ಎಂದು ನಾನು ಕೇಳಲಿಲ್ಲ. ಆ ಪ್ರಶ್ನೆಗೆ ಮಕ್ಕಳು ತಲೆ ತಗ್ಗಿಸುತ್ತಾರೆ, ಅಷ್ಟೇ. "ಮೊದಲು ಏನು ಕೊಂಡೆ, ಆಮೇಲೆ ಏನು ಕೊಂಡೆ, ಸಾಲಾಗಿ ಹೇಳು" ಎಂದೆ. ಎಲ್ಲವೂ ಅವನಿಗೆ ನೆನಪಿತ್ತು. ಆಟವನ್ನು ಕೊಂಡದ್ದು ತಾನೇ ಕೂಡಿಟ್ಟ ದುಡ್ಡಿನಲ್ಲಿ. ಹೊಸ ಸೀಸನ್, ಅಂದರೆ ಆಟದ ಹೊಸ ಕಂತು, ಶುರುವಾದಾಗ ಗೆಳೆಯರೆಲ್ಲ ಹೊಸ ಮ್ಯಾಪ್‌ಗೆ, ಅಂದರೆ ಆಟ ನಡೆಯುವ ಹೊಸ ಜಾಗಕ್ಕೆ, ಹೋದರು. ಅದಕ್ಕೆ ಬೇರೆ ದುಡ್ಡು. ಕೊಳ್ಳದವನಿಗೆ ಆಟದಲ್ಲಿ ಅವರು ಸೇರಿರುವ ಕೋಣೆಯ ಮೇಲೆ ಬೀಗದ ಚಿಹ್ನೆ ಕಾಣುತ್ತದೆ. ಒಳಗೆ ಅವರು ಮಾತಾಡುತ್ತಿರುವುದು ಗೊತ್ತು, ಸೇರಲು ಆಗುವುದಿಲ್ಲ. ಮೊದಲ ಮ್ಯಾಪ್ ಅನ್ನು ತಾಯಿಯನ್ನು ಕೇಳಿಯೇ ಕೊಂಡಿದ್ದ. ಕಾರ್ಡಿನ ವಿವರ ಆ್ಯಪ್ ಸ್ಟೋರಿನ ಖಾತೆಯಲ್ಲೇ ಉಳಿಯಿತು. ಮುಂದಿನ ಸಲ ಕೇಳಬೇಕಾದ ಪ್ರಮೇಯವೇ ಬರಲಿಲ್ಲ.

ನನಗೆ ಪ್ರಕರಣ ಅರ್ಥವಾದದ್ದು ಇಲ್ಲಿ. ಈ ಹುಡುಗ ಕೊಳ್ಳುತ್ತಿದ್ದದ್ದು ಗೆಳೆಯರ ಜೊತೆಗಿರುವ ಅವಕಾಶವನ್ನು. ಅವನು ಮಾಡಿದ್ದು ಸರಿಯೆಂದು ಇದರರ್ಥವಲ್ಲ. ಆದರೆ ಆಟವನ್ನು ಅಳಿಸಿದರೆ ದುಡ್ಡು ಉಳಿಯುತ್ತದೆಯೇ ಹೊರತು, ಅವನನ್ನು ಕಾಡುತ್ತಿದ್ದ ಒಂಟಿತನ ಇನ್ನಷ್ಟು ಹೆಚ್ಚುತ್ತದೆ.

ಮುಂದಿನ ಭೇಟಿಗೆ ಆಟವನ್ನು ಮತ್ತೆ ಹಾಕಿಸಿಕೊಂಡು ಬರಲು ಹೇಳಿದೆ. ತಂದೆಗೆ ಅಷ್ಟು ಇಷ್ಟವಿರಲಿಲ್ಲ, ಆದರೂ ತಂದರು. ಅಪ್ಪ ಮಗ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಆಟದೊಳಗಿನ ಅಂಗಡಿಯನ್ನು ತೆರೆಸಿದೆ. ಒಂದು ಸ್ಕಿನ್‌ಗೆ, ಅಂದರೆ ಪಾತ್ರದ ಹೊಸ ವೇಷಕ್ಕೆ, 800 ಜೆಮ್. ಜೆಮ್ ಎಂದರೆ ನಿಜದ ದುಡ್ಡು ಕೊಟ್ಟು ಕೊಳ್ಳುವ ಆಟದ ನಾಣ್ಯ. ಜೆಮ್ ಸಿಗುವುದು 500ರ ಅಥವಾ 1000ದ ಕಟ್ಟಿನಲ್ಲಿ ಮಾತ್ರ. 1000 ಕೊಂಡರೆ 200 ಉಳಿಯುತ್ತದೆ. ಆ 200ಕ್ಕೆ ಅಂಗಡಿಯಲ್ಲಿ ಏನೂ ಇಲ್ಲ. "ಉಳಿದಿದ್ದು ವೇಸ್ಟ್ ಆಗ್ಬಾರ್ದು ಅಂತ ಇನ್ನೊಂದು 500 ತಗೋತಿದ್ದೆ ಅಪ್ಪಾ" ಎಂದ ಹುಡುಗ. ಪಕ್ಕದಲ್ಲಿ ಗಡಿಯಾರವೊಂದು ಹಿಂದಕ್ಕೆ ಓಡುತ್ತಿತ್ತು, 'ಇನ್ನು ಎರಡೇ ಗಂಟೆ' ಎಂದು. ನಿಜವಾದ ದುಡ್ಡಿನ ಲೆಕ್ಕ ಆ ಪರದೆಯಲ್ಲಿ ಎಲ್ಲೂ ಇರಲಿಲ್ಲ. ಪ್ರತಿ ವಸ್ತುವಿನ ಮುಂದೆ ನಿಜದ ಬೆಲೆ ಬರೆಯಲು ಹುಡುಗನಿಗೆ ಹಾಳೆ ಕೊಟ್ಟೆ. ಅರ್ಧ ಬರೆಯುವಷ್ಟರಲ್ಲಿ ಪೆನ್ನು ಕೆಳಗಿಟ್ಟ. ತಂದೆ ಆ ಹಾಳೆಯನ್ನು ತೆಗೆದುಕೊಂಡು ತುಂಬ ಹೊತ್ತು ನೋಡಿದರು.

ಇದು ಅವರ ಮನೆಯೊಂದರ ಕಥೆಯಲ್ಲ ಎಂದು ಇಬ್ಬರಿಗೂ ತಿಳಿಯಬೇಕಿತ್ತು. 2006ರಲ್ಲಿ ಒಬ್ಲಿವಿಯನ್ ಆಟದ ಕುದುರೆಗೆ ಕವಚವನ್ನು ಎರಡೂವರೆ ಡಾಲರಿಗೆ ಮಾರಿದಾಗ ಆಟಗಾರರು ಸಿಟ್ಟಾಗಿದ್ದರು. ಅದು ಬಹುಮಟ್ಟಿಗೆ ಅಲಂಕಾರ. 2017ರ ಹೊತ್ತಿಗೆ, ಪೂರ್ತಿ ಬೆಲೆ ಕೊಟ್ಟು ಕೊಂಡ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2ರಲ್ಲಿ ಮುಖ್ಯ ಪಾತ್ರಗಳಿಗೇ ಬೀಗ ಬಿದ್ದಿತ್ತು. ವಿರೋಧ ಜೋರಾದ ಮೇಲೆ ಕಂಪನಿ ಆಟದೊಳಗಿನ ಖರೀದಿಯನ್ನು ಸ್ವಲ್ಪ ಕಾಲ ನಿಲ್ಲಿಸಿತು. ಮರುವರ್ಷ ಬೆಲ್ಜಿಯಂ, ದುಡ್ಡು ಕೊಟ್ಟು ತೆರೆಯುವ, ಒಳಗೆ ಏನಿದೆಯೆಂದು ಮೊದಲೇ ತಿಳಿಯದ ಲೂಟ್ ಬಾಕ್ಸ್ ಎಂಬ ಪೆಟ್ಟಿಗೆಗಳನ್ನು ಜೂಜೆಂದು ಪರಿಗಣಿಸಿತು. 2022ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್, ದಾರಿ ತಪ್ಪಿಸುವ ವಿನ್ಯಾಸದಿಂದ ಬೇಡದ ಖರೀದಿ ಮಾಡಿಸಿದ ಆರೋಪದ ಮೇಲೆ ಫೋರ್ಟ್‌ನೈಟ್ ಆಟದ ಕಂಪನಿಯಿಂದ 24.5 ಕೋಟಿ ಡಾಲರ್ ಕಟ್ಟಿಸಲು ಕ್ರಮ ಕೈಗೊಂಡಿತು. ಹೆತ್ತವರ ಒಪ್ಪಿಗೆಯಿಲ್ಲದೆ ಮಕ್ಕಳು ಖರೀದಿ ಮಾಡುವಂತಿದ್ದದ್ದೂ ಆರೋಪಗಳಲ್ಲಿ ಒಂದು. ದೊಡ್ಡವರೇ ಎಡವುವಂತೆ ಕಟ್ಟಿದ ಅಂಗಡಿಯಲ್ಲಿ 15ರ ಹುಡುಗನನ್ನು ಒಂಟಿಯಾಗಿ ಬಿಟ್ಟು, ಆಮೇಲೆ ಅವನೊಬ್ಬನನ್ನೇ ಕಳ್ಳನೆನ್ನುವುದು ನ್ಯಾಯವಲ್ಲ ಎಂದು ತಂದೆಗೆ ನೇರವಾಗಿ ಹೇಳಿದೆ.

"ಇದು ಗೇಮಿಂಗ್ ಕಾಯಿಲೆನಾ?" ಎಂದು ತಾಯಿ ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ಕಾಯಿಲೆಗಳ ಪಟ್ಟಿಯಲ್ಲಿ ಅಂಥದ್ದೊಂದು ತೊಂದರೆ ಇದೆ. ಆಟದ ಮೇಲೆ ಹಿಡಿತ ತಪ್ಪಬೇಕು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗಬೇಕು, ಹಾನಿ ಕಂಡರೂ ಬಿಡಲಾಗದಿರಬೇಕು, ಸಾಮಾನ್ಯವಾಗಿ 12 ತಿಂಗಳಾದರೂ ಹೀಗೆ ನಡೆದಿರಬೇಕು. ಈ ಹುಡುಗ ನಿದ್ದೆ ಮಾಡುತ್ತಿದ್ದ, ಓದುತ್ತಿದ್ದ, ಕರೆದರೆ ಏಳುತ್ತಿದ್ದ. ಅವನಿಗೆ ಆ ಹೆಸರು ಹಚ್ಚಲು ಕಾರಣವಿರಲಿಲ್ಲ.

ಸಲಹೆಗೆ ಬರುತ್ತೇನೆ. ಕಾರ್ಡನ್ನು ಆ್ಯಪ್ ಸ್ಟೋರಿನ ಖಾತೆಯಿಂದ ತೆಗೆದು, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಲು ತಾಯಿಗೆ ಹೇಳಿದೆ. ತಿಂಗಳಿಗೆ ಇಂತಿಷ್ಟು ಎಂದು ಗೊತ್ತುಮಾಡಿ, ಅಷ್ಟೇ ಮೊತ್ತದ ಗಿಫ್ಟ್ ಕಾರ್ಡ್ ಕೊಡಬಹುದು. ಅದರೊಳಗೆ ಏನು ಕೊಳ್ಳಬೇಕೆಂಬುದು ಹುಡುಗನಿಗೆ ಬಿಟ್ಟದ್ದು. ಕೊಳ್ಳುವ ಮೊದಲು ಒಂದು ರಾತ್ರಿ ಕಳೆಯಬೇಕು, ಗಡಿಯಾರ ಏನೇ ಹೇಳಲಿ. ಹೋದ ದುಡ್ಡಿನಲ್ಲಿ ಒಂದು ಪಾಲನ್ನು ಅವನು ತನ್ನ ಕೈಖರ್ಚಿನಿಂದ ತೀರಿಸಬೇಕು, ತೀರುವವರೆಗೂ ಆ ಮಾತನ್ನು ಯಾರೂ ಎತ್ತಿ ಆಡಬಾರದು. ಉಳಿದ ದುಡ್ಡಿಗಾಗಿ ಮೊದಲು ಖರೀದಿ ನಡೆದ ಆ್ಯಪ್ ಸ್ಟೋರಿಗೇ ಮರುಪಾವತಿ ಕೇಳಲು ಹೇಳಿದೆ. ನೇರವಾಗಿ ಬ್ಯಾಂಕಿಗೆ ಹೋದರೆ ಆಟದ ಖಾತೆಯೇ ಮುಚ್ಚಿಹೋಗುವ ಸಂಭವವಿದೆ. ಸ್ಟೋರಿನಿಂದ ಒಂದಷ್ಟು ವಾಪಸ್ ಬಂತು.

ಹುಡುಗನಿಗೆ ಕೊಟ್ಟ ಕೆಲಸ ಇವೆಲ್ಲಕ್ಕಿಂತ ಕಷ್ಟದ್ದು. ಹೊಸ ಮ್ಯಾಪ್ ಕೊಳ್ಳಲಾರೆ ಎಂದು ಗೆಳೆಯರಿಗೆ ಬಾಯಿಬಿಟ್ಟು ಹೇಳಬೇಕು, ಹಳೆಯದರಲ್ಲಿ ಒಂದು ದಿನವಾದರೂ ಆಡೋಣವೆಂದು ಕೇಳಬೇಕು. ಎರಡು ಸಲ ಮುಂದೂಡಿ ಕೊನೆಗೆ ಕೇಳಿದ. ಒಬ್ಬ ಹೀಯಾಳಿಸಿದನಂತೆ. ಇಬ್ಬರು ಸರಿ ಎಂದರಂತೆ. ಅವರಲ್ಲೊಬ್ಬ ತಾನೂ ಮನೆಯಲ್ಲಿ ಹೇಳದೆ ಕೊಂಡದ್ದನ್ನು ಇವನ ಬಳಿ ಹೇಳಿಕೊಂಡನಂತೆ.

ತಾಯಿ ಈಗಲೂ ರಾತ್ರಿ ಅವನ ಫೋನ್ ತೆಗೆದು ನೋಡುತ್ತಾರೆ. ಅದನ್ನು ಬಿಟ್ಟು, ತಿಂಗಳಿಗೊಮ್ಮೆ ಖಾತೆಯ ವಿವರವನ್ನು ಇಬ್ಬರೂ ಜೊತೆಗೆ ಕೂತು ನೋಡಿ ಎಂದಿದ್ದೇನೆ. ಮುಂದಿನ ಭೇಟಿಯನ್ನು ಹೊಸ ಸೀಸನ್ ಬಿಡುಗಡೆಯಾಗುವ ವಾರಕ್ಕೇ ಇಟ್ಟುಕೊಂಡಿದ್ದೇವೆ. ಅವನಿಗೆ ಸೆಳೆತ ಹೆಚ್ಚಾಗುವುದು ಆಗಲೇ.